ಬಸ್ಸಿನಲ್ಲಿ ತೆಗೆದ ವಿಡಿಯೋ

ನನ್ನ ಏಳು ವರ್ಷದ ಮಗಳು ಮಾತಾಡುತ್ತಿದ್ದಂತೆಯೇ ಕಣ್ಣು ನೆಟ್ಟು ಕಲ್ಲಾಗಿಬಿಡುತ್ತಿದ್ದಳು. ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲ. ‘ಮತ್ತ ಹಂಗಾದಾಗ ವಿಡಿಯೋ ಮಾಡ್ಕೊಂಡು ಬರ್ರಿ’ ಎಂದಿದ್ದರು ಗದಗಿನ ಡಾಕ್ಟರು.

ಮುಂಡರಗಿಯ ಬಸ್ಸಿನಲ್ಲಿ ಶೇಂಗಾ ತಿನ್ನುತ್ತಿದ್ದವಳ ಕೈ ಬಾಯಿಯ ಹತ್ತಿರವೇ ನಿಂತಿತು. ಈ ಸಲ ಎಚ್ಚರವಾಗದಿದ್ದರೆ? ತಬ್ಬಿಕೊಳ್ಳಬೇಕಾದ ಕೈಯಲ್ಲಿ ಫೋನು ಹಿಡಿದೆ.

ಪಕ್ಕದ ಸೀಟಿನ ಅಜ್ಜಿ ಚೀರಿದಳು: ‘ಕೂಸು ಹಿಂಗ ಮಾಡಾಕತ್ತೈತಿ, ಫೋಟೋ ತಗಿಯಾಕ ಕುಂತೀಯಲ್ಲೋ! ನೀ ಖರೇನ ಹಡದಪ್ಪ ಹೌದಿಲ್ಲೋ?’

ನಾನು ವಿಡಿಯೋ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳು ಏನೂ ಆಗದವಳಂತೆ ಶೇಂಗಾ ಬಾಯಿಗೆ ಹಾಕಿಕೊಂಡಳು.

ಡಾಕ್ಟರು ವಿಡಿಯೋ ಎರಡು ಸಲ ನೋಡಿದರು. ‘ಅಜ್ಜಿ ಇಷ್ಟು ಒದರಿದ್ರೂ ಹುಡುಗಿ ಹೊಳ್ಳಿ ನೋಡಿಲ್ರಿ. ಅಂದ್ರ ಆ ಹೊತ್ತಿನ್ಯಾಗ ಆಕಿಗೆ ಎಚ್ಚರನ ಇಲ್ಲ. ನನಗ ಬೇಕಾಗಿದ್ದು ಇದ.’

ರೋಗದ ಹೆಸರು ಇನ್ನೂ ಗೊತ್ತಾಗಿಲ್ಲ. ಇಷ್ಟು ದಿನದಲ್ಲಿ ಏನಾದರೂ ತೋರಿಸಿಕೊಟ್ಟ ರಿಪೋರ್ಟು ಒಂದೇ, ನಾನು ತಿಂದ ಆ ಬೈಗುಳ.