ಮಧ್ಯಮವಿಲ್ಲದ ಹಾಡುಗಳು

ನಾನು ಕಟ್ಟಿದ ಹಾಡುಗಳಲ್ಲಿ ‘ಮ’ ಇಲ್ಲ. ಸರಿಗಮದ ಮ. ಇದನ್ನು ಕಂಡುಹಿಡಿದವನು ನಾನಲ್ಲ. ಪಾಂಡವಪುರದ ನಮ್ಮ ಪುಟ್ಟ ಚರ್ಚಿಗೆ ಹೋದ ವರ್ಷ ಹೊಸದಾಗಿ ಬಂದ ಪಾದ್ರಿ ಅಯ್ಯನವರ ಹೆಂಡತಿ. ಆಕೆ ಕೀಬೋರ್ಡಿನ ಮುಂದೆ ಕೂತು, ನನ್ನ ಹಳೇ ನೋಟ್‌ಬುಕ್ಕಿನ ಹಾಡುಗಳನ್ನು ಒಂದೊಂದಾಗಿ ನನ್ನಿಂದಲೇ ಹೇಳಿಸಿಕೊಂಡು ನುಡಿಸಿದರು. ಆಮೇಲೆ, “ಮೇಷ್ಟ್ರೆ, ಎಲ್ಲಾ ಹಾಡಲ್ಲೂ ಗಾಂಧಾರದಿಂದ ಸೀದಾ ಪಂಚಮಕ್ಕೆ ಹಾರಿಬಿಡ್ತೀರಲ್ಲ, ಮಧ್ಯಮದ ಮೇಲೆ ಏನಾದ್ರೂ ಕೋಪವೇ?” ಎಂದರು.

“ಅದು ನನ್ನ ಶೈಲಿ ಕಣಮ್ಮ” ಎಂದೆ, ಗಂಭೀರವಾಗಿ. ಮನೆಗೆ ಬಂದು ಕಾಫಿ ಲೋಟ ಎತ್ತಿದಾಗ ನೆನಪಾಯಿತು. ಶೈಲಿಯೂ ಅಲ್ಲ, ಮಣ್ಣೂ ಅಲ್ಲ. ಹಾರ್ಮೋನಿಯಂನ ರೀಡು ಸೀಳಿಹೋಗಿತ್ತು.

ಚರ್ಚಿನ ಹಾರ್ಮೋನಿಯಂ ನನಗಿಂತ ಹಿರಿಯದು. ನಾನು ಅದರ ಮುಂದೆ ಕೂತ ಕಾಲಕ್ಕೇ ನಡುವಿನ ‘ಮ’ ಒತ್ತಿದರೆ ‘ಉಸ್’ ಎನ್ನುತ್ತಿತ್ತು, ಮೊಣಕಾಲು ನೋವಿನ ಮುದುಕಿ ಎದ್ದ ಹಾಗೆ. ಮೇಲಿನ ‘ಮ’ಕ್ಕೆ ನಮ್ಮವರ ಗಂಟಲು ಏರದು, ಕೆಳಗಿನದಕ್ಕೆ ಇಳಿಯದು. ಶ್ರುತಿ ಬದಲಿಸೋಣವೆಂದರೆ ತಲೆಮಾರಿನಿಂದ ಒಂದೇ ಶ್ರುತಿಗೆ ಒಗ್ಗಿಹೋದ ಜನ. ಮೈಸೂರಿಗೆ ಒಯ್ದು ರಿಪೇರಿ ಮಾಡಿಸಬೇಕಿತ್ತು. ಸುಗ್ಗಿ ಹಬ್ಬ ಕಳೆಯಲಿ ಎಂದೆ, ಆಮೇಲೆ ಕ್ರಿಸ್‌ಮಸ್ ಕಳೆಯಲಿ ಎಂದೆ. ಹೀಗೇ ಮೂವತ್ತು ಕ್ರಿಸ್‌ಮಸ್ ಕಳೆದವು. ಆ ಸ್ವರವನ್ನು ಮುಟ್ಟುವ ಬದಲು ಅದನ್ನು ಸುತ್ತಿಬಳಸಿ ಹೋಗುವುದು ನನಗೆ ರೂಢಿಯಾಯಿತು. ಮನೆ ಮುಂದಿನ ಗುಂಡಿಯನ್ನು ದಿನಾ ದಾಟುವವನಿಗೆ ಅದು ಗುಂಡಿಯೆಂಬುದೇ ಮರೆತುಹೋಗುತ್ತದಲ್ಲ, ಹಾಗೆ.

ಮೇಲಾಗಿ ಹೊಗಳಿಕೆ ಬೇರೆ. ಶ್ರೀರಂಗಪಟ್ಟಣದಿಂದ ಹಬ್ಬಕ್ಕೆ ಬಂದಿದ್ದ ಸಂಗೀತಗಾರರೊಬ್ಬರು, “ನಿಮ್ಮದು ಮೋಹನದ ಮನಸ್ಸು” ಎಂದುಬಿಟ್ಟರು. ಮೋಹನ ರಾಗದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಬೇಡದ್ದನ್ನು ಬಿಡುವುದೂ ಒಂದು ವಿದ್ಯೆ ಎಂದು ನಾನು ಅವತ್ತಿನಿಂದ ಶಾಲೆಯ ಸ್ಟಾಫ್‌ರೂಮಿನಲ್ಲೂ ಭಾಷಣ ಮಾಡತೊಡಗಿದೆ. ದೊಡ್ಡವರು ತಿಳಿದು ಬಿಟ್ಟರು, ನಾನು ಸೋಮಾರಿತನಕ್ಕೆ ಬಿಟ್ಟೆ. ನನಗೆ ಮಾತು, ಪದ, ಲಯ ಎಲ್ಲ ಕಲಿಸಿದ ನನ್ನಜ್ಜಿ ಬದುಕಿದ್ದರೆ, “ಉಪ್ಪು ಮರ್ತ್‌ಬುಟ್ಟು ಪಥ್ಯದ ಸಾರು ಅಂತೀಯೇನ್ಲಾ?” ಎನ್ನುತ್ತಿದ್ದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಕಾಫಿ ಲೋಟದ ಜೊತೆಗೇ ಸುಗುಣಮ್ಮನೂ ನೆನಪಾದಳು.

ಸುಗುಣಮ್ಮ ಚಿನಕುರಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಶನಿವಾರದ ಹಾಡಿನ ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು. ತುಂಬು ಗಂಟಲು. ನನ್ನ ಹಾಡು ‘ಗ’ದಿಂದ ‘ಪ’ಕ್ಕೆ ಹಾರುವಲ್ಲಿ ಎಲ್ಲರೂ ಹಾರಿದರೆ, ಅವಳೊಬ್ಬಳ ದನಿ ನಡುವೆ ಒಂದು ಮೆಟ್ಟಿಲ ಮೇಲೆ ಹಿತವಾಗಿ ಕಾಲೂರಿ ಹೋಗುತ್ತಿತ್ತು. ನಾನು ಕೈಯೆತ್ತಿ ನಿಲ್ಲಿಸುತ್ತಿದ್ದೆ.

“ಪೆಟ್ಟಿಗೇಲಿ ಇಲ್ಲದ ಸ್ವರ ನೀನೆಲ್ಲಿಂದ ತಂದ್ಯಮ್ಮ?”

ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. “ನಾನ್ ತರ್ನಿಲ್ಲ ಮೇಷ್ಟ್ರೆ, ಅದೇ ಬಂದ್ಬುಡ್ತದೆ. ಆಡು ಅಲ್ಲಿಗೇ ಓಗ್ಬೇಕು ಅಂತದೆ.”

“ಹಾಡು ಕಟ್ಟಿದೋನು ನಾನೋ ನೀನೋ?” ಎಂದು ಅವಳನ್ನು ಹಿಂದಿನ ಸಾಲಿಗೆ ಕಳಿಸಿದೆ. ಅಷ್ಟಕ್ಕೂ ಬಿಡದೆ, ಆ ಜಾಗ ಬಂದಾಗ ಬಾಯಿ ಮುಚ್ಚಿಕೊಳ್ಳೆಂದೆ. ಒಳ್ಳೆಯ ಹೆಂಗಸು, ಮುಚ್ಚಿಕೊಂಡಳು. ಬರಬರುತ್ತಾ ಹಳೆಯ ಕೀರ್ತನೆಗಳಲ್ಲಿ ಪೆಟ್ಟಿಗೆ ‘ಉಸ್’ ಎಂದಾಗ ಉಳಿದವರು ಹೇಗೋ ಗಂಟಲಿನಲ್ಲೇ ದಾಟಿದರೆ, ಅವಳು ಅಲ್ಲೂ ತುಟಿ ಬಿಗಿದು ನಿಲ್ಲುತ್ತಿದ್ದಳು. ನಾನು ಅದನ್ನು ಶಿಸ್ತು ಎಂದುಕೊಂಡೆ. ಕೆಲವು ವರ್ಷಗಳ ಮೇಲೆ ಪ್ರಾಕ್ಟೀಸಿಗೆ ಬರುವುದನ್ನೇ ಬಿಟ್ಟಳು. ಮಂಡಿ ನೋವು ಎಂದಳು. ನಾನೂ ನಂಬಿದೆ; ನಂಬಿದರೆ ನನಗೆ ಅನುಕೂಲವಿತ್ತು.

ಈ ಸಲದ ಸುಗ್ಗಿ ಹಬ್ಬಕ್ಕೆ ಒಂದು ಹಾಡು ಕಟ್ಟಿದೆ. ಪಲ್ಲವಿಯ ನಡುವೆ ಅದು ‘ಮ’ದ ಮೇಲೇ ಬಂದು ನಿಲ್ಲುತ್ತದೆ. ಇದನ್ನು ಸುಗುಣಮ್ಮನೇ ಮುಂದೆ ನಿಂತು ಹಾಡಬೇಕು ಎಂದು ನಿಶ್ಚಯಿಸಿ, ಒಂದು ಮಧ್ಯಾಹ್ನ ಚಿನಕುರಳಿಯ ಬಸ್ಸು ಹತ್ತಿದೆ. ಅವಳು ಜಗಲಿಯಲ್ಲಿ ಅವರೇಕಾಯಿ ಬಿಡಿಸುತ್ತಿದ್ದಳು. ರೀಡಿನ ಕಥೆ ಪೂರ್ತಿ ಹೇಳಿದೆ. “ತಪ್ಪು ನನ್ನದು. ನೀನು ಹಾಡಿದ್ದೇ ಸರಿಯಿತ್ತು ಕಣಮ್ಮ” ಎಂದೆ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ, ಪೆಟ್ಟಿಗೆ ಮುರುದಿದ್ದುಕ್ಕೆ ನನ್ ಬಾಯ್ ಮುಚ್ಚುಸ್ಬುಟ್ರಾ! ಓಗ್ಲಿ ಬುಡಿ, ಏಳಿ ನಿಮ್ಮ ಆಡ.”

ಹೇಳಿದೆ. ಅವಳು ಎತ್ತಿಕೊಂಡಳು. ಗಂಟಲು ಈಗಲೂ ತುಂಬು. ಆದರೆ ಆ ಜಾಗ ಬಂದಾಗ ದನಿ ನಿಂತಿತು, ಆಚೆ ದಡದಲ್ಲಿ ಮತ್ತೆ ಕೇಳಿತು. ಇನ್ನೊಮ್ಮೆ ಹಾಡಿಸಿದೆ. ಮತ್ತೆ ಹಾಗೇ.

“ಬರಾಕಿಲ್ಲ ಮೇಷ್ಟ್ರೆ” ಎಂದಳು. ಈಗ ನಗುತ್ತಿರಲಿಲ್ಲ. “ಅಲ್ಲಿಗ್ ಬಂದೇಟ್ಗೆ ಬಾಯಿ ತಾನೇ ಮುಚ್ಕತದೆ. ನೀವೇ ಆಡಿ, ನಾನ್ ಕೇಳ್ತೀನಿ.”

ನಾನು ಹಾಡಿದೆ. ಎಪ್ಪತ್ತರ ಗಂಟಲು, ಸ್ವರ ನಡುಗಿತು. ಅವಳು ಅಲ್ಲವೆಂದು ತಲೆಯಾಡಿಸಿದಳು. “ಇನ್ನೊಸಿ ಕೆಳೀಕೆ.” ಇಳಿಸಿದೆ. “ಅಷ್ಟಲ್ಲ, ಒಸಿ ಮ್ಯಾಕೆ.” ಮಗ್ಗಿ ಒಪ್ಪಿಸುವ ಹುಡುಗನಂತೆ ಏರಿಸಿದೆ. ಅವಳ ಕೈಯಲ್ಲಿದ್ದ ಅವರೇಕಾಯಿ ಅಲ್ಲೇ ನಿಂತಿತು.

“ಅದೇಯ” ಎಂದಳು, ಮೆಲ್ಲಗೆ.

ಅವಳ ಕಿವಿಯಲ್ಲಿ ಅದು ಇಷ್ಟು ವರ್ಷವೂ ಕೆಡದೆ ಉಳಿದಿತ್ತು. ಅವಳೂ ಜೊತೆಗೂಡಲಿ ಎಂದು ಉಸಿರು ಇರುವಷ್ಟು ಹೊತ್ತು ಅದನ್ನೇ ಹಿಡಿದು ಕೂತೆ. ಅವಳು ಕಣ್ಣು ಮುಚ್ಚಿ ಕೇಳಿದಳು, ಹಾಡಲಿಲ್ಲ. ನನ್ನ ಉಸಿರು ಮುಗಿಯಿತು.