ಅತ್ತಿಗೆ ತಿರುಗಿಸಿದ ತಿರುಪು

ನಮ್ಮ ಬೀದಿಯ ಕೊನೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಾರೆ. ಹಿಂದೆಲ್ಲ ಮೊದಲ ಸಲ ಅಳತೆ ಕೊಡಲು ಹೋದವರು, ಈಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಸೂಜಿಗಳೆಲ್ಲ ಮೇಜಿನ ಮೇಲಿನ ಡಬ್ಬಿಯಲ್ಲೇ ಇದ್ದವು.

ಚಿಕ್ಕವಳಿದ್ದಾಗ ಮೆಟ್ಟಿಲಿಂದ ಜಾರಿ, ಗದ್ದ ಊರಿ ಬಿದ್ದಿದ್ದಳಂತೆ. ಗದ್ದದ ಗಾಯ ಬೇಗ ಮಾಯಿತು. ಆದರೆ ಕಿವಿಯ ಮುಂದಿರುವ ದವಡೆಯ ಕೀಲುಗಳು ಒಳಗೊಳಗೇ ಬೆಸೆದುಕೊಂಡವು. ಅದು ಮನೆಯವರ ಗಮನಕ್ಕೆ ಬರುವ ಹೊತ್ತಿಗೆ ಬಾಯಿ ಕಿರುಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ಮೈ ಬೆಳೆಯಿತು, ಕೆಳದವಡೆ ಮಾತ್ರ ಮಗುವಿನದಾಗಿಯೇ ಉಳಿಯಿತು. ಏನು ತಿನ್ನಬೇಕಾದರೂ ಕಿವುಚಿ, ಹಲ್ಲಿನ ಸಂದಿಯಲ್ಲಿ ಬೆರಳಿನಿಂದ ತಳ್ಳಬೇಕು. ಯಾರಾದರೂ ನೋಡುತ್ತಿದ್ದರೆ ಅದೂ ಇಳಿಯದು. ಹಾಗಾಗಿ ತನ್ನ ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿಬಿಡುವುದು ಅವಳ ರೂಢಿ.

ಅವಳ ಅಣ್ಣ ಮನೆಗಳಿಗೆ ಬಣ್ಣ ಹೊಡೆಯುವವನು. ಅವನನ್ನು ಮದುವೆಯಾಗಿ ಬಂದ ಅತ್ತಿಗೆಗೆ ಈ ತಟ್ಟೆಯ ವಿಷಯವೇ ಮೊದಲು ಚುಚ್ಚಿದ್ದು. ತನ್ನ ಜೊತೆ ಕೂತು ಉಣ್ಣಲು ನಾದಿನಿಗೆ ಇಷ್ಟವಿಲ್ಲ ಎಂದು ಅವಳು ತಿಳಿದಳು. ಅದರ ಮೇಲೆ ಗೊರಕೆ ಬೇರೆ. ಎರಡು ಕೋಣೆಗಳ ನಡುವೆ ಇದ್ದದ್ದು ಒಂದೇ ತೆಳು ಗೋಡೆ. ಅತ್ತಿಗೆ ಬೇಕರಿಯಲ್ಲಿ ಕೆಲಸಕ್ಕೆ ನಸುಕಿಗೇ ಹೊರಡಬೇಕು.

"ನಿಮ್ಮ ತಂಗಿ ಹಗಲೆಲ್ಲ ಮೆಷಿನ್ ತುಳೀತಾಳೆ, ರಾತ್ರಿಯೆಲ್ಲ ಅದನ್ನೇ ಮೂಗಿಂದ ಓಡಿಸ್ತಾಳೆ," ಎಂದು ಗಂಡನ ಹತ್ತಿರ ಗೊಣಗಿದಳು. ಅದು ಟೈಲರಕ್ಕನ ಕಿವಿಗೆ ಬಿತ್ತು. ಅಲ್ಲಿಂದ ಇಬ್ಬರ ನಡುವೆ ಮಾತು ಉಂಟೆಂದರೆ ಉಂಟು, ಇಲ್ಲವೆಂದರೆ ಇಲ್ಲ ಎನ್ನುವಂತಾಯಿತು. ಅಣ್ಣ ಇಬ್ಬರ ನಡುವೆ ಸಿಕ್ಕಿ, ಗೋಡೆಗಳಿಗೆ ಬಣ್ಣ ಹೊಡೆಯುವುದೇ ವಾಸಿ ಎಂದು ಬೇಗ ಎದ್ದು ಹೋಗುತ್ತಿದ್ದ.

ಹೀಗೇ ಕೆಲವು ವರ್ಷ ಹೋದವು. ಒಂದು ಬೆಳಿಗ್ಗೆ ಟೈಲರಕ್ಕ ಮೆಷಿನ್ನಿನ ಮುಂದೆ ಕೂತಲ್ಲೇ ತೂಕಡಿಸಿ, ಸೂಜಿಯನ್ನು ಬೆರಳಿಗೆ ಹೊಗಿಸಿಕೊಂಡಳು. ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದವಳನ್ನು ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿದಳು.

"ಟೈಲರಮ್ಮ, ಚಪ್ಪಲಿ ಬಿಡಬೇಡ. ಆಸ್ಪತ್ರೆಗೆ ಹೋಗೋಣ."

"ಬೆರಳಿಗೆ ಆಸ್ಪತ್ರೆ ಯಾಕೆ ಅತ್ತಿಗೆ?"

"ಬೆರಳಿಗಲ್ಲ. ನಿದ್ದೇಲಿ ನಿನ್ನ ಉಸಿರು ನಿಲ್ಲುತ್ತೆ. ನಿಂತು, ಆಮೇಲೆ ನೀರಲ್ಲಿ ಮುಳುಗಿದೋರು ಎದ್ದ ಹಾಗೆ ಎಳ್ಕೋತೀಯ. ಗೋಡೆ ಆಚೆ ಮಲಗಿರೋಳಿಗೆ ಗೊತ್ತಾಗಲ್ವಾ?"

ದವಡೆ ಹಿಂದಕ್ಕೇ ಉಳಿದದ್ದರಿಂದ ಮಲಗಿದಾಗ ನಾಲಗೆ ಗಂಟಲಿಗೆ ಜಾರಿ ಉಸಿರಿನ ದಾರಿ ಮುಚ್ಚುತ್ತಿದೆ, ಹೀಗೇ ಬಿಟ್ಟರೆ ಹೃದಯಕ್ಕೆ ಕುತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ದವಡೆಯ ವೈದ್ಯೆ ತನ್ನ ಮೇಜಿನಿಂದ ಒಂದು ಸಾಧನ ತೆಗೆದು ತೋರಿಸಿದಳು. ಎರಡು ಪುಟ್ಟ ಲೋಹದ ಪಟ್ಟಿ, ನಡುವೆ ಒಂದು ಸಣ್ಣ ತಿರುಪು; ಒಟ್ಟು ಸೇರಿ ಬೆರಳುದ್ದವೂ ಇಲ್ಲ.

"ಎರಡೂ ಕಡೆ ಮೂಳೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಅಡ್ಡಲಾಗಿ ಇಂಥದ್ದು ಒಂದೊಂದು ಕೂರಿಸ್ತೀವಿ. ತಿರುಪಿನ ತುದಿ ಚರ್ಮದಿಂದ ಹೊರಗಿರುತ್ತೆ. ಬೆಳಿಗ್ಗೆ, ಸಂಜೆ ತಿರುಗಿಸ್ತಾ ಹೋದ್ರೆ ಮೂಳೆ ಪ್ರತಿ ಸಲ ಕೂದಲೆಳೆಯಷ್ಟು ದೂರ ಸರಿಯುತ್ತೆ. ಆ ಸಂದಿಯಲ್ಲಿ ಹೊಸ ಮೂಳೆ ತುಂಬ್ಕೊಳ್ಳುತ್ತೆ."

"ಎಳೆದ್ರೆ ಉದ್ದ ಆಗೋಕೆ ಅದೇನು ರಬ್ಬರಾ ಡಾಕ್ಟ್ರೇ?" ಎಂದಳು ಅತ್ತಿಗೆ.

"ರಬ್ಬರ್ ಅಲ್ಲಮ್ಮ, ಜೀವ ಇರೋ ಮೂಳೆ. ನಿಧಾನವಾಗಿ ಕೇಳಿದ್ರೆ ಕೊಡುತ್ತೆ. ಮನೇಲಿ ತಿರುಗಿಸೋರು ಯಾರು?"

ಅಣ್ಣ ಮುಂದೆ ಬಂದ. ಆದರೆ ಶಸ್ತ್ರಚಿಕಿತ್ಸೆ ಮುಗಿದು, ನರ್ಸು ಅವನ ಕೈಗೆ ತಿರುಪುಳಿ ಕೊಟ್ಟ ದಿನ, ತಂಗಿಯ ಊದಿದ ಮುಖ ನೋಡಿ ಅವನ ಕಣ್ಣು ಕತ್ತಲಿಟ್ಟಿತು. ಅವನನ್ನು ಬೆಂಚಿನ ಮೇಲೆ ಮಲಗಿಸಿ, ಬಿದ್ದ ತಿರುಪುಳಿಯನ್ನು ಅತ್ತಿಗೆ ಎತ್ತಿಕೊಂಡಳು. ನರ್ಸು ಅದನ್ನು ತೊಳೆದು ಕೊಟ್ಟು, ಯಾವ ಕಡೆಗೆ ತಿರುಗಿಸಬೇಕೆಂದು ತೋರಿಸಿದಳು.

ಮನೆಗೆ ಬಂದ ಮೇಲೆ ಟೈಲರಕ್ಕನ ತಲೆ ದಿನಕ್ಕೆರಡು ಸಲ ಅತ್ತಿಗೆಯ ತೊಡೆಯ ಮೇಲಿರಬೇಕಾಯಿತು. ಮೊದಮೊದಲು ಇಬ್ಬರಿಗೂ ಮುಜುಗರ. ಒಬ್ಬಳು ಸೂರು ನೋಡುವಳು, ಇನ್ನೊಬ್ಬಳು ಬರೀ ತಿರುಪು ನೋಡುವಳು. ನೋವು ತಾಳದಾದರೆ ಟೈಲರಕ್ಕ ಚಾಪೆಯನ್ನು ತಟ್ಟುವಳು, ಅತ್ತಿಗೆ ಕೈ ತಡೆಯುವಳು. ಮುಜುಗರ ಮರೆಯಲು ಅತ್ತಿಗೆ ಬೇಕರಿಯ ಸುದ್ದಿ ಹೇಳತೊಡಗಿದಳು. ಹಿಟ್ಟು ನಾದುವವನು ಕನ್ನಡಕ ಕಳೆದುಕೊಂಡು ಸಂಜೆಯವರೆಗೆ ಹುಡುಕಿ, ಕೊನೆಗೆ ಅದು ಬನ್ನಿನೊಳಗೆ ಬೆಂದು ಬಂದ ಕಥೆಗೆ ಟೈಲರಕ್ಕನಿಗೆ ನಗು ತಡೆಯಲಾಗಲಿಲ್ಲ. "ನಗಿಸಬೇಡಿ ಅತ್ತಿಗೆ, ಹೊಲಿಗೆ ಕಿತ್ತುಹೋಗುತ್ತೆ," ಎಂದು ಹಲ್ಲಿನ ಸಂದಿಯಿಂದಲೇ ಬೇಡಿಕೊಂಡಳು.

ಅರ್ಧ ದಾರಿಯಲ್ಲಿ ಅವಳ ಧೈರ್ಯ ಕೈಕೊಟ್ಟಿತು. ಅಂಗಡಿಗೆ ಬಂದ ಗಿರಾಕಿಯೊಬ್ಬಳು ಕಿವಿಯ ಕೆಳಗೆ ಚಾಚಿದ್ದ ಲೋಹದ ತುದಿಗಳನ್ನು ನೋಡಿ, ಮಗಳ ಮದುವೆಯ ಬಟ್ಟೆಯನ್ನು ಹೊಲಿಯಲು ಕೊಡದೆ ಮಡಚಿಕೊಂಡು ಹೋದಳು. ಟೈಲರಕ್ಕ ಅಂಗಡಿ ಮುಚ್ಚಿ ಬಂದು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಸಂಜೆ ಅತ್ತಿಗೆ ತಿರುಪುಳಿ ತೊಳೆದು ತಂದಾಗ ಕೋಣೆಯ ಚಿಲಕ ಒಳಗಿನಿಂದ ಬಿದ್ದಿತ್ತು.

"ಸಾಕು ಅತ್ತಿಗೆ. ಇರೋ ಮುಖ ಇದ್ದ ಹಾಗೇ ಇರಲಿ."

ಅಣ್ಣ ಕರೆದ, ಗದರಿದ, ಬೇಡಿಕೊಂಡ. ಬಾಗಿಲು ತೆರೆಯಲಿಲ್ಲ. ಅತ್ತಿಗೆ ಹೊಸ್ತಿಲ ಹೊರಗೆ ಕೂತಳು.

"ಚಂದ ಆಗ್ಲಿ ಅಂತ ನಾನು ತಿರುಗಿಸ್ತಿಲ್ಲ," ಎಂದಳು. "ನಿನ್ನ ಮುಖ ನೋಡಿ ನನಗೇನಾಗಬೇಕು? ಮದುವೆಯಾಗಿ ಬಂದಾಗಿಂದ ನಿನ್ನ ಉಸಿರು ಕೇಳ್ತಾ ಇದೀನಿ. ಅದು ನಿಂತಾಗ ನಾನು ಎದ್ದು ಕೂರ್ತೀನಿ. ಮತ್ತೆ ಶುರುವಾದ ಮೇಲೇ ಮಲಗೋದು. ಒಂದು ದಿನ ಶುರುವಾಗದೇ ಹೋದ್ರೆ ನಾನೇನು ಮಾಡ್ಲಿ?"

ಒಳಗಿನಿಂದ ಚಿಲಕ ಸರಿಯಿತು. ಟೈಲರಕ್ಕ ಚಾಪೆ ಹಾಸಿ, ಕೂದಲು ಹಿಂದಕ್ಕೆ ಸರಿಸಿಕೊಂಡು ಮಲಗಿದಳು. "ನಾನು ನಿದ್ದೆಗೆಡಿಸಿದ್ದಕ್ಕೆ ನೀವು ಸಿಟ್ಟಲ್ಲಿದೀರಿ ಅಂದ್ಕೊಂಡಿದ್ದೆ," ಎಂದಳು.

"ಸಿಟ್ಟೂ ಇತ್ತು," ಎಂದಳು ಅತ್ತಿಗೆ. "ಅಲ್ಲಾಡಬೇಡ."

ದವಡೆ ಬೇಕಾದಷ್ಟು ಮುಂದೆ ಬಂದು, ನಿದ್ದೆಯಲ್ಲಿ ಉಸಿರು ನಿಲ್ಲುವುದು ತಪ್ಪಿದ ಮೇಲೆ, ಹೊಸ ಮೂಳೆ ಗಟ್ಟಿಯಾಗಲೆಂದು ಕೆಲವು ತಿಂಗಳು ಸಾಧನಗಳನ್ನು ಒಳಗೇ ಬಿಟ್ಟಿದ್ದರು. ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಅವನ್ನು ತೆಗೆದು, ಬೆಸೆದಿದ್ದ ಕೀಲುಗಳನ್ನೂ ಬಿಡಿಸಿದರು. ತೆಗೆದದ್ದನ್ನು ನೋಡಬೇಕೆಂದು ಟೈಲರಕ್ಕ ಕೇಳಿದಳು. ನರ್ಸು ಅವುಗಳಲ್ಲಿ ಒಂದನ್ನು ತೊಳೆದು, ಬಿಸಿ ಹಬೆಯಲ್ಲಿಟ್ಟು, ಪುಟ್ಟ ಚೀಲದಲ್ಲಿ ಹಾಕಿ ಕೊಟ್ಟಳು. ತಿರುಪಿನ ಸುತ್ತುಗಳಲ್ಲಿ ಹೊಳಪು ಮಾಸಿತ್ತು. ಒಂದು ಪಟ್ಟಿಯ ಅಂಚು ಅವಳ ಮೂಳೆಯ ಆಕಾರಕ್ಕೆ ತಕ್ಕಂತೆ ಬಾಗಿತ್ತು. ಅಂಗೈಯಲ್ಲಿ ತೂಗಿ ನೋಡಿ, "ಇಷ್ಟು ಹಗುರವಾ?" ಎಂದಳು.

ಆಮೇಲೆ ಕಷ್ಟದ ಕೆಲಸ ಬಾಯಿ ತೆರೆಯುವ ಅಭ್ಯಾಸದ್ದು. ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಇಟ್ಟು, ದಿನ ಹೋದ ಹಾಗೆ ಇನ್ನೊಂದು, ಮತ್ತೊಂದು ಸೇರಿಸಬೇಕು. ಕಣ್ಣಲ್ಲಿ ನೀರು ಸುರಿದರೂ ಅವಳು ಬಿಡಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ನನ್ನ ಅಂಗಿಯ ತೋಳಿನ ಬಗ್ಗೆ ಉದ್ದಕ್ಕೆ ಹೇಳುತ್ತಾ ನಿಂತಿದ್ದಾಗ ಟೈಲರಕ್ಕ ದೊಡ್ಡದಾಗಿ ಆಕಳಿಸಿದಳು. ಕೈಯಲ್ಲಿದ್ದ ಟೇಪು ಹಾಗೇ ನಿಂತಿತು. "ನೋಡಿದ್ರಾ?" ಎಂದಳು. ನನ್ನ ಮಾತು ಅಷ್ಟು ಬೇಸರ ತಂದಿತೇ ಎಂದು ನಾನು ಮುಖ ಸಣ್ಣ ಮಾಡಿಕೊಂಡೆ. ಚಿಕ್ಕಂದಿನಿಂದ ಒಮ್ಮೆಯೂ ಸರಿಯಾಗಿ ಆಕಳಿಸಿರಲಿಲ್ಲ ಎಂದು ಅವಳು ಹೇಳಿದ ಮೇಲೇ ನನಗೆ ಸಮಾಧಾನವಾದದ್ದು. ಈ ಕಥೆಯನ್ನೆಲ್ಲ ಹೇಳಿದ್ದೂ ಆ ದಿನವೇ.

ಕಳೆದ ವರ್ಷ ಟೈಲರಕ್ಕನಿಗೆ ದವಡೆಯ ವೈದ್ಯೆಯಿಂದ ಫೋನು ಬಂತು. ಒಬ್ಬ ತಾಯಿ, ಜೊತೆಗೆ ಇದೇ ತೊಂದರೆಯ ಪುಟ್ಟ ಮಗಳು. ಸಾಧನದ ಹೆಸರೆತ್ತಿದರೆ ತಾಯಿ ಎದ್ದು ಹೊರಡುತ್ತಾಳೆ, ಒಮ್ಮೆ ಬಂದು ಮಾತಾಡುತ್ತೀಯಾ ಎಂದು ಕೇಳಿದಳು. ಟೈಲರಕ್ಕ ಅತ್ತಿಗೆಯನ್ನೂ ಕರೆದುಕೊಂಡು ಹೋದಳು. ಚೀಲದಿಂದ ಸಾಧನ ತೆಗೆದು ಆ ತಾಯಿಯ ಕೈಯಲ್ಲಿಟ್ಟಳು.

"ಇದು ನನ್ನ ದವಡೆಯಲ್ಲಿತ್ತು."

ತಾಯಿ ಅದನ್ನು ಮುಟ್ಟಿ, ತಿರುಪಿನ ಮೇಲೆ ಉಗುರು ಓಡಿಸಿದಳು. "ನೋವಾಗುತ್ತಾ?"

"ಆಗುತ್ತೆ. ನಾನು ನಡುವೆ ಬೇಡ ಅಂತ ಬಾಗಿಲು ಹಾಕ್ಕೊಂಡಿದ್ದೆ."

"ನನ್ನ ಮಗಳಿಗೆ ನಾನೇ ಹೇಗೆ ತಿರುಗಿಸ್ಲಿ? ಕೈ ನಡುಗುತ್ತೆ."

"ನನಗೂ ನಡುಗ್ತಿತ್ತು," ಎಂದಳು ಅತ್ತಿಗೆ. ಟೈಲರಕ್ಕ ತಿರುಗಿ ನೋಡಿದಳು. ಈ ಮಾತು ಅವಳಿಗೂ ಹೊಸದು. ಅತ್ತಿಗೆ ತಾಯಿಯ ಮಣಿಕಟ್ಟನ್ನು ಮೇಜಿಗೆ ಒರಗಿಸಿ, "ಕೈಗೆ ಹೀಗೆ ಆಸರೆ ಕೊಡಿ. ಬಾಯಿಗೆ ಬಂದದ್ದು ಏನಾದ್ರೂ ಮಾತಾಡ್ತಾ ಇರಿ," ಎಂದಳು. ಅಷ್ಟರಲ್ಲಿ ಮಗು ಆ ಸಾಧನವನ್ನು ಎತ್ತಿಕೊಂಡು, ತಾನೇ ತಿರುಪು ತಿರುಗಿಸಿ ಪಟ್ಟಿಗಳು ದೂರ ಸರಿಯುವುದನ್ನು ನೋಡುತ್ತಾ ಕೂತಿತ್ತು.

ತಾಯಿ ಒಪ್ಪಿದಳು. ಮನೆಯಲ್ಲಿ ಮೊದಲ ಸಲ ತಿರುಗಿಸುವಾಗ ಇವರಿಬ್ಬರೂ ಜೊತೆಗಿರಬೇಕು ಎಂದಷ್ಟೇ ಕೇಳಿಕೊಂಡಳು. ಅತ್ತಿಗೆ ಬೇಕರಿಗೆ ರಜೆ ಹಾಕಿದಳು, ಟೈಲರಕ್ಕ ಅಂಗಡಿಗೆ ಬೀಗ ಹಾಕಿದಳು. ಇಬ್ಬರೂ ಬಸ್ಸು ಹತ್ತಿ ಹೋಗಿ, ಆ ತಾಯಿಯ ಅಕ್ಕಪಕ್ಕ ಕೂತರು.