ಲಾನ್ ಕೂರದ ಭಾನುವಾರ

ಆಗೆಲ್ಲ ನಮಗೆ ಭಾನುವಾರ ರಜೆಯಾಗಿರಲಿಲ್ಲ. ಟೆಕ್ಸಸ್‌ನಲ್ಲಿ ಬೆಳೆದ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: ವಾರವಿಡೀ ಇಂಗ್ಲಿಷ್ ಶಾಲೆ, ಭಾನುವಾರ ಅಪ್ಪ ಅಮ್ಮನ ಭಾಷೆಯ ಶಾಲೆ. ಇರ್ವಿಂಗ್‌ನಲ್ಲಿ ಒಂದು ಹಳೆಯ ಚರ್ಚಿನ ಹಿಂಬದಿಯ ಕೋಣೆ ಬಾಡಿಗೆಗೆ ಹಿಡಿದು ನಮ್ಮವರು ಕನ್ನಡ ತರಗತಿ ನಡೆಸುತ್ತಿದ್ದರು. ಕಾರಿಡಾರಿನ ಆಚೆ ಚೀನೀ ತರಗತಿ. ನಮ್ಮ ಕಡೆ ಹಳೇ ಕಾರ್ಪೆಟ್ಟಿನ ಮುಗ್ಗಲು, ಯಾರದೋ ಡಬ್ಬಿಯ ಪುಳಿಯೋಗರೆ. ಆ ಕಡೆಯಿಂದ ಎಳ್ಳೆಣ್ಣೆ, ಬೆಳ್ಳುಳ್ಳಿ.

ಲಾನ್ ಆ ಕಡೆಯವಳು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮನೆ, ನನ್ನದೇ ವಯಸ್ಸು. ಅವಳಮ್ಮನ ವ್ಯಾನಿನಲ್ಲೇ ಇಬ್ಬರೂ ತರಗತಿಗೆ ಹೋಗುತ್ತಿದ್ದೆವು. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏನನ್ನೂ ಕೂಡಿಸದೆ.

ಶನಿವಾರ ಸಂಜೆ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್. ನಾನು ಮೊದಲು ಸಾಲಿಡೀ ಬರೀ ತಲೆಕಟ್ಟು ಎಳೆದು, ಆಮೇಲೆ ಕೆಳಗಿನ ಅಕ್ಷರ ತುಂಬುತ್ತಿದ್ದೆ. ಅವಳದೂ ಅದೇ ಕಳ್ಳದಾರಿ. ಅವರ ಲಿಪಿಯಲ್ಲಿ 'ನದಿ' ಎಂದರೆ ಎಡಕ್ಕೆ ನೀರಿನ ಮೂರು ಹನಿ, ಬಲಕ್ಕೆ ಇನ್ನೊಂದು ಆಕಾರ. ಲಾನ್ ಮೊದಲು ಪುಟದ ಉದ್ದಕ್ಕೂ ಹನಿಗಳನ್ನೇ ಇಡುತ್ತಿದ್ದಳು.

"ನೋಡು, ನನ್ನ ಪುಟದಲ್ಲಿ ಮಳೆ ಬಂತು," ಎಂದು ನಗುತ್ತಿದ್ದಳು.

ಬೆಳಗ್ಗೆ ವ್ಯಾನಿನಲ್ಲಿ ನನ್ನ ಅಕ್ಷರ ನನ್ನ ನೆನಪಿನಲ್ಲಿ ಇರುತ್ತಿತ್ತು. ಅವಳದು ಇರುತ್ತಿರಲಿಲ್ಲ. ಕಳ್ಳದಾರಿ ಬಿಟ್ಟು, ನಾಲಿಗೆ ಕಚ್ಚಿಕೊಂಡು, ಒಂದೊಂದನ್ನೇ ಪೂರ್ತಿ ಬರೆದ ವಾರವೂ ಇರುತ್ತಿರಲಿಲ್ಲ. ಹನಿ ಕಂಡರೆ ನೀರಿಗೆ ಸಂಬಂಧಿಸಿದ್ದು ಎಂದು ತಿಳಿಯುತ್ತಿತ್ತು. ನದಿಯೋ, ಸರೋವರವೋ, ಸಮುದ್ರವೋ, ತಿಳಿಯುತ್ತಿರಲಿಲ್ಲ. ಆದರೆ ಅವಳಮ್ಮ ಒಮ್ಮೆ ಓದಿ ಹೇಳಿದ ಪಾಠ ಅವಳ ಬಾಯಲ್ಲಿ ಹಾಗೇ ಉಳಿಯುತ್ತಿತ್ತು.

ಇಂಗ್ಲಿಷ್ ಶಾಲೆಯ ಟೀಚರ್, ಓದು ಬರಹ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಇರಬಹುದು, ಪರೀಕ್ಷೆ ಮಾಡಿಸಿ ಎಂದಿದ್ದರು. ನಮ್ಮನೆಗೆ ಟೀಗೆ ಬಂದಿದ್ದ ಅವಳಪ್ಪ ಅದನ್ನು ಹೇಳಿ ನಕ್ಕರು. "ಅದು ಇಂಗ್ಲಿಷ್ ಓದೋ ಮಕ್ಕಳ ತೊಂದರೆ. ಬಿ, ಡಿ ಅದಲುಬದಲಾಗೋದು. ಚೈನೀಸ್‌ನಲ್ಲಿ ಅದೆಲ್ಲ ಎಲ್ಲಿದೆ? ನೋಡಬೇಕು, ನೆನಪಿಡಬೇಕು. ಇವಳಿಗೆ ಸೋಮಾರಿತನ."

ಅವರು ಹೋದ ಮೇಲೆ ಅಮ್ಮನೂ ಹೇಳಿದಳು: "ಲೆಕ್ಕದಲ್ಲಿ ಅಷ್ಟು ಚುರುಕು, ಇದೊಂದು ಬರಲ್ವಂತಾ? ಕೂತು ಬರೆಯಲ್ಲ, ಅಷ್ಟೆ."

"ಅಮ್ಮಾ, ಶಿ ಡಸ್ ಸಿಟ್. ಐ ಸೀ ಹರ್."

"ಸರಿ ಸರಿ, ನೀನು ಮೊದಲು ನಿನ್ನ ಒತ್ತಕ್ಷರ ಬರಿ."

ಮೇ ತಿಂಗಳಲ್ಲಿ ಎರಡೂ ತರಗತಿಗಳಿಗೆ ಒಂದೇ ಹಾಲ್‌ನಲ್ಲಿ, ಅಪ್ಪ ಅಮ್ಮಂದಿರ ಎದುರು, ವರ್ಷಾಂತ್ಯದ ಓದು. ಲಾನ್ ಅಂದು ಓದದಿದ್ದರೆ ಮುಂದಿನ ವರ್ಷ ಚಿಕ್ಕವರ ಕೋಣೆಗೆ, ಆರು ವರ್ಷದ ತಮ್ಮನ ಪಕ್ಕಕ್ಕೆ. ಅವನಿಗೂ ಅದು ಗೊತ್ತಿತ್ತು. "ಅಕ್ಕ ನನ್ನ ಕ್ಲಾಸು, ಅಕ್ಕ ನನ್ನ ಕ್ಲಾಸು," ಎಂದು ವ್ಯಾನಿನಲ್ಲಿ ರಾಗ ಎಳೆಯುತ್ತಿದ್ದ. ಲಾನ್ ಇಡೀ ಪುಸ್ತಕ ಬಾಯಿಪಾಠ ಮಾಡಿಕೊಂಡಿದ್ದಳು.

ಅವರ ಚೆನ್ ಟೀಚರ್ ಅದನ್ನು ಊಹಿಸಿದ್ದರು. ಪುಸ್ತಕದ ಬದಲು, ಕಲಿಸಿದ ಪದಗಳಿಂದಲೇ ತಾವು ಬರೆದ ಹೊಸ ಕಥೆಯ ಹಾಳೆ ಕೊಟ್ಟರು. ಲಾನ್ ಅದನ್ನು ಬಹಳ ಹೊತ್ತು ನೋಡಿದಳು. ಒಂದು ಸಾಲು ಓದಿದಳು. ಆ ಕಡೆಯವರು ಜೋರಾಗಿ ನಕ್ಕರು. ಬಾತುಕೋಳಿ ನದಿ ದಾಟಿತು ಎನ್ನುವ ಕಡೆ ಸಮುದ್ರ ದಾಟಿತು ಎಂದಿದ್ದಳಂತೆ. ಆಮೇಲೆ ಅವಳೇ ಹೇಳಿದ್ದು.

"ಪರವಾಗಿಲ್ಲ, ಕೂತ್ಕೋ," ಎಂದರಂತೆ ಟೀಚರ್, ಮೆತ್ತಗೆ. "ಮುಂದಿನ ವರ್ಷ ಮೊದಲಿಂದ ಕಲಿಯೋಣ."

ಲಾನ್ ಕೂರಲಿಲ್ಲ. ಹಾಳೆಯನ್ನು ಅವರತ್ತ ಚಾಚಿದಳು. ನಮಗೂ ಅರ್ಥವಾಗಲೆಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದಳು: "ನೀವು ಒಂದ್ಸಲ ಓದಿ."

ಅವರು ಓದಿದರು. ಲಾನ್ ಕೈ ಹಿಂದೆ ಕಟ್ಟಿಕೊಂಡು ಇಡೀ ಕಥೆಯನ್ನು ಚೀನೀಯಲ್ಲಿ ತಿರುಗಿ ಹೇಳಿದಳು. ಈ ಸಲ ಯಾರೂ ನಗಲಿಲ್ಲ. ಅವಳು ಮತ್ತೆ ಇಂಗ್ಲಿಷಿಗೆ ತಿರುಗಿದಳು:

"ಕಥೆ ನನ್ನ ಹತ್ರ ನಿಲ್ಲುತ್ತೆ. ಈ ಗುರುತುಗಳು ನಿಲ್ಲಲ್ಲ. ಬರ್ದು ಬರ್ದು ನೋಡಿದೀನಿ, ನಿಲ್ಲಲ್ಲ. ನಾನು ಸೋಮಾರಿ ಅಲ್ಲ."

ಅವಳಪ್ಪ ತಗ್ಗಿದ ದನಿಯಲ್ಲಿ ಅವಳ ಹೆಸರು ಕರೆದರು. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. "ಹೌದು, ಬರೀತಾಳೆ. ಪಕ್ಕದಲ್ಲೇ ಕೂತು ನೋಡಿದೀನಿ."

ಅಮ್ಮ ನನ್ನ ಲಂಗ ಹಿಡಿದು ಎಳೆದಳು. "ಕೂತ್ಕೊಳ್ಳೇ! ಅವರ ಮನೆ ವಿಷಯ ನಿನಗ್ಯಾಕೆ?"

ಲಾನ್ ಕೂರುವವರೆಗೆ ನಾನೂ ಕೂರಲಿಲ್ಲ.

ತೀರ್ಮಾನ ಬದಲಾಗಲಿಲ್ಲ. ಆಗಸ್ಟಿನಲ್ಲಿ ತರಗತಿ ಶುರುವಾದ ದಿನ ಅವಳ ತಮ್ಮ ಕುಣಿಯುತ್ತ ಚಿಕ್ಕವರ ಕೋಣೆಗೆ ಹೋದ. ಲಾನ್ ಕಾರಿಡಾರಿನಲ್ಲಿ ನಿಂತಳು. ಆಮೇಲೆ ನಮ್ಮ ಕೋಣೆಗೆ ನಡೆದು ಬಂದು ನನ್ನ ಪಕ್ಕ ಕೂತಳು.

ನಮಗೆ ಕನ್ನಡ ಕಲಿಸುತ್ತಿದ್ದ ವಿಮಲಾ ಆಂಟಿ ಧಾರವಾಡದವರು. "ಯಾರವ್ವಾ ಈಕಿ? ದಾರಿ ತಪ್ಪಿ ಬಂದಾಳೇನು?"

ನಾನು ನಡೆದದ್ದನ್ನು ಹೇಳಿದೆ. ಅವರು ಎದುರಿನ ಬಾಗಿಲನ್ನೊಮ್ಮೆ ನೋಡಿದರು. "ಹಂಗಾರ ಇಲ್ಲೇ ಕುಂದರಲಿ. ಬರಿಯೂದು ಬ್ಯಾಡ, ಕೇಳಲಿ."

ಕನ್ನಡದ ಅಕ್ಷರಗಳೂ ಅವಳ ಬಳಿ ನಿಲ್ಲಲಿಲ್ಲ. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆದರೆ ಅಂದು ನಾವೆಲ್ಲ ಎಡವುತ್ತಿದ್ದ ಶಿಶುಗೀತೆಯನ್ನು ಮೊದಲು ಪೂರ್ತಿ ಹೇಳಿದವಳು ಅವಳು. ಹುಡುಕಿಕೊಂಡು ಬಂದ ಅವಳಮ್ಮ ಬಾಗಿಲಲ್ಲಿ ವ್ಯಾನಿನ ಕೀ ಹಿಡಿದು ನಿಂತಿದ್ದರು. ಕರೆಯಲಿಲ್ಲ. ಮುಗಿಯುವವರೆಗೆ ಕೇಳಿದರು. ಚಳಿಗಾಲದ ಹೊತ್ತಿಗೆ ಮಗಳನ್ನು ಪರೀಕ್ಷೆಗೆ ಕರೆದೊಯ್ದದ್ದು ಅವರೇ, ಗಂಡನನ್ನು ಕೇಳದೆ. ಇಂಗ್ಲಿಷ್ ಶಾಲೆಯ ಟೀಚರ್ ಊಹಿಸಿದ್ದು ನಿಜವಾಗಿತ್ತು. ಮರುವರ್ಷ ಆ ಮನೆಯವರು ಹ್ಯೂಸ್ಟನ್‌ಗೆ ಶಿಫ್ಟ್ ಆದರು.

ಆ ಚರ್ಚು ಈಗ ಪಾರ್ಕಿಂಗ್ ಜಾಗ. ಪ್ರಾಸ್ಪರ್ ಊರಿನ ನಮ್ಮ ಮನೆಯಲ್ಲಿ ನನ್ನ ಮಗಳು ಬಾಗಿಲು ಹಾಕಿಕೊಂಡು ಸ್ಕ್ರೀನಿನ ಮೇಲೆ ಕನ್ನಡ ಕಲಿಯುತ್ತಾಳೆ. ಡಿಸ್ಲೆಕ್ಸಿಯಾ ಎಂಬ ಪದ ಈಗ ಎಲ್ಲರಿಗೂ ಗೊತ್ತು, ಒಳ್ಳೆಯದೇ. ಇಲ್ಲವಾಗಿರುವುದು ಆ ಮೆಟ್ಟಿಲು. ಒಂದು ಮಗು ಎಷ್ಟು ಒದ್ದಾಡುತ್ತದೆಂದು ಇನ್ನೊಂದು ಮಗುವಿಗೆ ಕಾಣುವ ಜಾಗ.

ಮೊನ್ನೆ ಫ್ಲವರ್ ಮೌಂಡ್ ಊರಿನಲ್ಲಿ ಪರಿಚಯದವರ ಮನೆಯ ಊಟ. ಒಬ್ಬರು ಮಗನನ್ನು ತೋರಿಸಿ, "ಬುದ್ಧಿ ಇದೆ, ಸೋಮಾರಿ ಅಷ್ಟೆ," ಎಂದರು. ಹುಡುಗ ತಲೆ ತಗ್ಗಿಸಿದ. ನಾನು ತಟ್ಟೆ ಕೆಳಗಿಟ್ಟು ಎದ್ದು ನಿಂತೆ.

"ನೀವು ಅವನ ಪಕ್ಕ ಕೂತು ನೋಡಿದೀರಾ?" ಎಂದೆ.